ಓಡಿಹೋಗದ ಹೆಂಡತಿಯ ಹನ್ನೆರಡು ಹಾಡುಗಳು

ವರ್ಲಿನ್ ಟ್ಯಾಕೆಟ್‌ಗೆ ಅನ್ಯಾಯವಾಗಿದೆ ಎಂದು ಮೊದಲು ಗೊತ್ತಾದದ್ದು ವರ್ಲಿನ್ ಟ್ಯಾಕೆಟ್‌ಗೇ. ಆಮೇಲೆ ಬೇರೆ ಯಾರಿಗೂ ಗೊತ್ತಾಗಲಿಲ್ಲ. ನ್ಯಾಶ್‌ವಿಲ್‌ನಲ್ಲಿ ಗಿಟಾರು ಹಿಡಿದು ಮೂಗಿನಲ್ಲಿ ಹಾಡುವ ಪ್ರತಿಯೊಬ್ಬನಿಗೂ ಒಂದೊಂದು ‘ಗ್ರೇಟೆಸ್ಟ್ ಹಿಟ್ಸ್’ ರೆಕಾರ್ಡು ಬಂದಾಗಿತ್ತು. ಸತ್ತವರಿಗೆ ಎರಡೆರಡು ಬಂದಿದ್ದವು. ವರ್ಲಿನ್ ಮಾತ್ರ ಐವತ್ತರ ಹೊಸ್ತಿಲಲ್ಲಿ, ಬಿಳಿ ಟೋಪಿ ಹಾಕಿಕೊಂಡು, ಜೀವಂತವಾಗಿಯೇ ಉಳಿದುಹೋಗಿದ್ದ.

ಹಾಗೆ ನೋಡಿದರೆ ಅವನ ಬಳಿ ಹಿಟ್ ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಹಾಡು ರೇಡಿಯೊ ಪಟ್ಟಿಯಲ್ಲಿ ಹದಿನಾಲ್ಕನೆಯ ಸ್ಥಾನಕ್ಕೆ ಏರಿ, ಎರಡು ವಾರ ಕೂತು, ಇಳಿದಿತ್ತು. ಇನ್ನೊಂದು ಮೂವತ್ತೆಂಟನೆಯ ಸ್ಥಾನವನ್ನು ಮುಟ್ಟಿತ್ತು. ಮಿಕ್ಕವನ್ನೂ ಹಿಟ್ ಎನ್ನುವುದಾದರೆ, ಕತ್ತಲಲ್ಲಿ ಬಾಗಿಲಿಗೆ ಹಣೆ ಬಡಿದದ್ದನ್ನೂ ಹಿಟ್ ಎನ್ನಬೇಕಾಗುತ್ತದೆ.

೧೯೭೨ರ ಮಾರ್ಚ್ ತಿಂಗಳಲ್ಲಿ ಅವನ ಗ್ರಹಚಾರ ತಿರುಗಿತು. ಹೊಸದೊಂದು ಸಣ್ಣ ರೆಕಾರ್ಡ್ ಕಂಪನಿ ನಡೆಸುತ್ತಿದ್ದ ಗಾರ್ಲೆಂಡ್ ಪೋಗ್ ಎಂಬಾತ ಅವನನ್ನು ಕರೆಸಿ, ಹನ್ನೆರಡು ಹಾಡಿನ ಸಂಕಲನ ತರುವುದಾಗಿ ಹೇಳಿದ. ವರ್ಲಿನ್ ಊರಂಚಿನ ಮ್ಯಾಡಿಸನ್‌ನ ತನ್ನ ಮನೆಗೆ ಹಾರುತ್ತ ಬಂದ. ಹೆಂಡತಿ ಒವೆಟಾ ಅಡುಗೆಮನೆಯಲ್ಲಿ ಊಟದ ಬನ್ನಿನಂಥ ಬಿಸ್ಕಿಟ್ಟಿಗೆ ಹಿಟ್ಟು ಕಲಸುತ್ತಿದ್ದಳು. (ಆ ಮನೆಯಲ್ಲಿ ದಿನವೂ ತಪ್ಪದೆ ಉಬ್ಬುತ್ತಿದ್ದದ್ದು ಅವಳ ಹಿಟ್ಟು ಒಂದೇ. ಅವನ ಹಿಟ್ಟುಗಳ ಕಥೆ ಆಗಲೇ ಹೇಳಿಯಾಯಿತು.)

“ಒವೆಟಾ! ಕೈ ತೊಳ್ಕೊಂಡು ಕೂತ್ಕೊ. ಕೇಳಿ ಬಿದ್ದುಬಿಟ್ಟೀಯ.”

“ನಿಂತ್ಕೊಂಡೇ ಕೇಳ್ತೀನಿ. ಹೇಳು.”

“ನನ್ನ ಗ್ರೇಟೆಸ್ಟ್ ಹಿಟ್ಸ್ ಬರ್ತಿದೆ.”

“ಎಷ್ಟು ಹಾಡು?”

“ಹನ್ನೆರಡು!”

“ಇನ್ನು ಹತ್ತು ಯಾರ್ದು?”

ವರ್ಲಿನ್ ಇದನ್ನು ಕೇಳಿಸಿಕೊಳ್ಳಲಿಲ್ಲ. ಮಹಾನುಭಾವರು ತಮಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. ಚೀಲದಿಂದ ಟೈಪು ಮಾಡಿದ ಹನ್ನೆರಡು ಹಾಳೆ ತೆಗೆದು ಹಿಟ್ಟಿನ ಪಕ್ಕದಲ್ಲಿಟ್ಟ.

“ಹಳೇ ಟೇಪೆಲ್ಲ ಹಳೇ ಕಂಪನಿ ಜೊತೆ ಹೋಯ್ತಲ್ಲ, ಅಷ್ಟೂ ಹಾಡು ಹೊಸದಾಗಿ ಹಾಡ್ಬೇಕು. ಸೋಮವಾರ ಸ್ಟುಡಿಯೋ. ಶುಕ್ರವಾರದೊಳಗೆ ಈ ಪೇಪರ್ ಕೊಡ್ಬೇಕು. ಇಲ್ಲಿ ಹನ್ನೆರಡು ಸಹಿ ಹಾಕ್ಬಿಡು ಚಿನ್ನ.”

“ನಂದ್ಯಾಕೆ ಸಹಿ?”

“ಹಾಡು ಬರೆದವರ ಒಪ್ಪಿಗೆ ಬೇಕಂತೆ.”

“ಬರೆದವನು ನೀನಲ್ವಾ?”

ವರ್ಲಿನ್ ಟೋಪಿ ತೆಗೆದು ಅದರ ಒಳಗನ್ನು ಪರೀಕ್ಷಿಸತೊಡಗಿದ.

ಸಂಗತಿ ಹೀಗಿತ್ತು. ೧೯೫೨ರಲ್ಲಿ, ಊರಿಗೆ ಹೊಸದಾಗಿ ಬಂದಾಗ, ಹಾಡು ಕೊಳ್ಳುವ ಮುದುಕನೊಬ್ಬ ವರ್ಲಿನ್‌ನನ್ನು ಮಹಡಿಯ ಮೇಲಿನ ಆಫೀಸಿಗೆ ಕರೆದು, ಒಂದು ಬಾಟಲಿ ವಿಸ್ಕಿ ಕುಡಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ವರ್ಲಿನ್ ಟ್ಯಾಕೆಟ್ ಬದುಕಿರುವಷ್ಟು ಕಾಲ ಬರೆಯುವ ಹಾಡುಗಳೆಲ್ಲ ಆ ಮುದುಕನ ಸೊತ್ತು ಎಂದು ಅದರಲ್ಲಿತ್ತು. ವರ್ಲಿನ್ ಅದನ್ನು ಓದಿದ್ದು ಆರು ತಿಂಗಳ ನಂತರ. ಇಂಥ ಸಂಕಟಕ್ಕೆ ನ್ಯಾಶ್‌ವಿಲ್‌ನಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದೊಂದಿತ್ತು: ಹಾಡನ್ನು ಹೆಂಡತಿಯ ತವರಿನ ಹೆಸರಲ್ಲಿ ದಾಖಲು ಮಾಡಿಸುವುದು. ಆ ಊರಿನ ಅರ್ಧಕ್ಕರ್ಧ ಹೆಂಡಂದಿರು ಕಾಗದದ ಮೇಲೆ ಗೀತರಚನೆಕಾರರು. ಒಲೆಯ ಮುಂದೆ ನಿಂತಿದ್ದರಿಂದ ಅವರಿಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ. ಒವೆಟಾ ಸ್ಪರ್ಲಾಕ್ ಟ್ಯಾಕೆಟ್ ಕೂಡ ಆ ಕಾಲದಲ್ಲಿ ಹಲವು ಕಾಗದಗಳಿಗೆ ಸಹಿ ಹಾಕಿದ್ದಳು. ಬಟ್ಟೆ ಒಗೆಯುವ ಯಂತ್ರದ ಗ್ಯಾರಂಟಿ ಎಂದು ಹೇಳಿ ಗಂಡ ಸಹಿಯ ಜಾಗವೊಂದನ್ನೇ ತೋರಿಸುತ್ತಿದ್ದ.

ಈಗ ಅವಳು ಕೈ ತೊಳೆದಳು. ಕನ್ನಡಕ ಹಾಕಿದಳು. ಕುರ್ಚಿ ಎಳೆದುಕೊಂಡು ಕೂತಳು. ವರ್ಲಿನ್ ಎದುರಿನ ಕುರ್ಚಿಯಲ್ಲಿ ಮೆಲ್ಲಗೆ ಕೂತ. ಬ್ಯಾಪ್ಟಿಸ್ಟ್ ಚರ್ಚಿನ ವಾರಪತ್ರಿಕೆಯನ್ನು ಹದಿನೈದು ವರ್ಷದಿಂದ ಟೈಪು ಮಾಡಿ, ತಿದ್ದಿ, ಅಚ್ಚಿಗೆ ಕೊಡುತ್ತಿದ್ದವಳು ಒವೆಟಾ. ಪಾದ್ರಿಯ ಉಪದೇಶದಲ್ಲೇ ತಪ್ಪು ಹುಡುಕಿ ವಾಪಸು ಕಳಿಸಿದ್ದಳು. ಬೇಕಿಂಗ್ ಪೌಡರಿನ ಡಬ್ಬಿಯ ಹಿಂಬದಿಯನ್ನೂ ಓದದೆ ಬಿಡುವ ಹೆಂಗಸಲ್ಲ.

ಒಂದೊಂದರ ತಲೆಯ ಮೇಲೂ ತನ್ನ ತವರಿನ ಹೆಸರಿದ್ದ ಹನ್ನೆರಡು ಹಾಡನ್ನೂ ಅವಳು ಓದಿದಳು. ಒಲೆಯಲ್ಲಿದ್ದ ಮೊದಲ ಸುತ್ತಿನ ಬಿಸ್ಕಿಟ್ಟು ಸೀದು ಕರಕಲಾಯಿತು. ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ.

ಇಲ್ಲಿ ‘ಕಂಟ್ರಿ’ ಎಂಬ ಈ ಅಳುವ ಸಂಗೀತದ ಕಷ್ಟವೊಂದನ್ನು ಹೇಳಬೇಕು. ಇದರಲ್ಲಿ ಗಾಯಕನಾಗಬೇಕಾದರೆ ಮೊದಲು ಒಂದು ಗಾಯ ಬೇಕು. ವರ್ಲಿನ್‌ಗೆ ಗಾಯವೇ ಆಗಿರಲಿಲ್ಲ. ಹೊತ್ತುಹೊತ್ತಿಗೆ ಊಟ, ಇಸ್ತ್ರಿ ಮಾಡಿದ ಅಂಗಿ, ಇಪ್ಪತ್ತೆರಡು ವರ್ಷದಿಂದ ಕದಲದೆ ನಿಂತ ಹೆಂಡತಿ. ಇಂಥ ದೌರ್ಭಾಗ್ಯದಲ್ಲಿ ಮನುಷ್ಯ ಯಾವುದರ ಬಗ್ಗೆ ಅಳಬೇಕು? ಆದ್ದರಿಂದ ಅವನು ಒವೆಟಾಳನ್ನು ಹಾಡುಗಳಲ್ಲಿ ಓಡಿಸತೊಡಗಿದ. ಐವತ್ತಮೂರರಲ್ಲಿ ಒಮ್ಮೆ ಓಡಿಸಿದ, ಐವತ್ತನಾಲ್ಕರಲ್ಲಿ ಬಸ್ಸಿನಲ್ಲಿ ಓಡಿಸಿದ, ಐವತ್ತಾರರಲ್ಲಿ ಟ್ರಕ್ಕಿನಲ್ಲಿ. ಅರವತ್ತೊಂದರ ಹೊತ್ತಿಗೆ ಹಲ್ಲು ಕೀಳುವ ಡಾಕ್ಟರೊಬ್ಬನ ಜೊತೆ ಓಡಿಸಿದ್ದ.

“‘ಬೆಳಗಿನ ಬಸ್ಸಿಗೆ ಹೊರಟಳು ನಲ್ಲೆ, ಹಿಂದಿರುಗಿ ಒಮ್ಮೆಯೂ ನೋಡಲಿಲ್ಲವಲ್ಲೇ’,” ಎಂದು ಒವೆಟಾ ಓದಿದಳು. “ಇದು ನಾನು ಪೆಡೂಕಾಗೆ ಹೋಗಿದ್ದಲ್ವಾ? ಅಕ್ಕನ ಬಾಣಂತನಕ್ಕೆ?”

“ಸ್ಫೂರ್ತಿ ಅಲ್ಲಿಂದ ಬಂತು, ಅಷ್ಟೆ.”

“ಹಿಂದಿರುಗಿ ನೋಡಿದ್ದೆ. ನೀನು ಕಾರಲ್ಲಿ ಬಾಯಿ ತೆರ್ಕೊಂಡು ನಿದ್ದೆ ಮಾಡ್ತಿದ್ದೆ.”

“ಅದು ಪ್ರಾಸಕ್ಕೆ ಬರಲ್ಲ, ಒವೆಟಾ.”

“‘ಟ್ರಕ್ಕನು ಒಯ್ದಳು, ನಾಯಿಯನೊಯ್ದಳು.’ ನನಗೆ ಟ್ರಕ್ ಓಡಿಸೋಕೇ ಬರಲ್ಲ. ನಾಯಿ ಸತ್ತಿದ್ದು ನೀನು ರಿವರ್ಸ್ ತಗೊಳ್ವಾಗ.”

“ಹಾಡು ಅಂದ್ರೆ ಹಾಡು. ಕೋರ್ಟಲ್ಲಿ ಹೇಳೋ ಸಾಕ್ಷಿ ಅಲ್ಲ.”

“ಚರ್ಚಲ್ಲಿ ಹಾಗಂದ್ಕೊಂಡಿದಾರಾ? ನಾನು ಅಕ್ಕನ ಮನೆಗೆ ಹೋದಾಗೆಲ್ಲ ನಮ್ಮ ಚರ್ಚಿನ ಆ ಯೂಲಾ ನಿನಗೆ ಮುಚ್ಚಿದ ಪಾತ್ರೇಲಿ ಕೋಳಿ ಅಡುಗೆ ತಂದುಕೊಡ್ತಿದ್ಳಲ್ಲ, ಯಾಕೆ ಅಂತ ಒಂದಿನಾದ್ರೂ ಕೇಳಿದ್ಯಾ?”

ವರ್ಲಿನ್ ಕೇಳಿರಲಿಲ್ಲ. ಆ ಕೋಳಿ ಚೆನ್ನಾಗಿರುತ್ತಿತ್ತು.

“ಹದಿನೆಂಟು ವರ್ಷದಿಂದ ಅವಳು ಚರ್ಚಿನ ಬಾಗಿಲಲ್ಲಿ ನನ್ನ ಕೈ ಹಿಡ್ಕೊಂಡು, ‘ಸಿಸ್ಟರ್ ಒವೆಟಾ, ಈ ಸಲ ಇರ್ತೀಯಲ್ಲಮ್ಮಾ?’ ಅಂತಾಳೆ. ಹಲ್ಲಿನ ಡಾಕ್ಟರ ಹತ್ರ ಹೋಗೋಕೆ ನಾಚಿಕೆಯಾಗಿ ದವಡೆ ಹಲ್ಲು ಹುಳುಕು ಹಿಡೀತು. ಒಂದೊಂದಾಗಿ ಬಂದಾಗ ಜನ ಮರೀತಾರೆ ಅಂತ ಸುಮ್ನಿದ್ದೆ. ಹನ್ನೆರಡೂ ಸಾಲಾಗಿ, ಒಂದೇ ರೆಕಾರ್ಡಲ್ಲಿ? ಅದು ಹಾಡಲ್ಲ ವರ್ಲಿನ್, ಚಾರ್ಜ್‌ಶೀಟು. ಮೇಲಾಗಿ ನನ್ನ ಮೇಲಿನ ಚಾರ್ಜ್‌ಶೀಟಿಗೆ ನಂದೇ ಸಹಿ.”

“ಹಾಗಾದ್ರೆ ಸಹಿ ಹಾಕಲ್ವಾ? ನನ್ನ ಗ್ರೇಟೆಸ್ಟ್ ಹಿಟ್ಸು?” ಅವನ ದನಿ ಒಡೆಯಿತು. ಇಪ್ಪತ್ತು ವರ್ಷದಿಂದ ಕಾದ ಒಂದೇ ಒಂದು ಆಸೆ ಬೇಕಿಂಗ್ ಪೌಡರಿನ ಡಬ್ಬಿಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿತ್ತು.

“ಹಾಕ್ತೀನಿ. ಬರೆದೋಳು ನಾನು ತಾನೆ? ತಪ್ಪು ತಿದ್ದಿ ಹಾಕ್ತೀನಿ.” ಅವಳು ಕೆಂಪು ಪೆನ್ಸಿಲು ತೆಗೆದುಕೊಂಡಳು.

ವರ್ಲಿನ್ ಅಂದು ಊಟ ಬಿಟ್ಟು ಪ್ರತಿಭಟಿಸಿದ. ಪ್ರತಿಭಟನೆ ಎರಡು ಗಂಟೆ ಕಾಲ ಉಗ್ರವಾಗಿ ನಡೆದು, ಹಂದಿಮಾಂಸ ಹುರಿದ ವಾಸನೆಯ ಮುಂದೆ ಶಾಂತಿಯುತವಾಗಿ ಕೊನೆಗೊಂಡಿತು. ಮಾರನೆಯ ಬೆಳಿಗ್ಗೆ ಅವನು ಗಾರ್ಲೆಂಡ್ ಪೋಗ್‌ನ ಆಫೀಸಿಗೆ ಓಡಿದ. ಕೆಂಪು ಗೀಟಿನ ಹಾಳೆಗಳನ್ನು ಮುಂದಿಟ್ಟು, ದನಿ ತಗ್ಗಿಸಿದ.

“ಗಾರ್ಲೆಂಡ್, ನಮ್ಮಿಬ್ಬರಲ್ಲೇ ಇರಲಿ. ಅವಳ ಸಹಿಯೇ ಬೇಡ. ಇವೆಲ್ಲ ಬರೆದಿದ್ದು ನಾನೇ.”

ಪೋಗ್ ಎದ್ದು ಹೋಗಿ ಬಾಗಿಲು ಹಾಕಿದ. ಕಿಟಕಿಯನ್ನೂ ಹಾಕಿದ.

“ಈ ಮಾತು ನೀನು ಹೇಳಿಲ್ಲ, ನಾನು ಕೇಳಿಲ್ಲ. ಆ ಮುದುಕ ಸತ್ತಿರಬಹುದು ಕಣಯ್ಯಾ, ಅಳಿಯ ಬದುಕಿದಾನೆ. ವಕೀಲ. ಇದೇ ಬೀದಿ, ಮೂರನೇ ಬಾಗಿಲು. ನೀನು ಬರೆದಿದ್ದು ಅಂತ ಗೊತ್ತಾದ್ರೆ ಹಾಡೂ ಅವನ್ದು, ರೆಕಾರ್ಡೂ ಅವನ್ದು, ನಿನ್ನ ಟೋಪೀನೂ ಅವನ್ದು.” ಆಮೇಲೆ ಹಾಳೆಗಳ ಮೇಲೆ ಕಣ್ಣಾಡಿಸಿದ. ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಮತ್ತೆ ಮೊದಲಿನಿಂದ ಓದಿದ. ಮೂಗಿನಲ್ಲಿ ನಗೆಯ ಶಬ್ದವೊಂದು ಬಂತು. “ನಿನ್ನ ಹೆಂಡ್ತಿ ಬರೆದ ಹಾಗೇ ಹಾಡು.”

“ಜನ ನಗ್ತಾರೆ!”

“ಇಷ್ಟು ದಿನ ಏನ್ ಮಾಡ್ತಿದ್ರು?”

ಸೋಮವಾರ ಸ್ಟುಡಿಯೋದಲ್ಲಿ ವರ್ಲಿನ್ ಟ್ಯಾಕೆಟ್ ತನ್ನ ಮಹೋನ್ನತ ಗೀತೆಗಳನ್ನು ತಿದ್ದುಪಡಿ ಸಹಿತ ಹಾಡಿದ. ಅಳುವುದೊಂದನ್ನೇ ಕಲಿತಿದ್ದರಿಂದ ಎಲ್ಲವನ್ನೂ ಅಳುತ್ತಲೇ ಹಾಡಿದ:

ಬೆಳಗಿನ ಬಸ್ಸಿಗೆ ಹೊರಟಳು ನಲ್ಲೆ,
ಹನ್ನೊಂದು ದಿನದೂಟ ಫ್ರಿಜ್ಜಿನಲ್ಲೇ.
ಮೇಲೊಂದು ಚೀಟಿ: ಬಿಸಿಮಾಡು, ನಲ್ಲ.
ಓದದೆ ಅತ್ತೆನು ನಾನೆಂಬ ಮಲ್ಲ.

ಸ್ಟೀಲ್ ಗಿಟಾರಿನವನು ಮುಂದೆ ಅಡ್ಡ ಮಲಗಿಸಿದ್ದ ವಾದ್ಯದ ತಂತಿಗಳ ಮೇಲೆ ಹಣೆಯಿಟ್ಟು ನಕ್ಕ. ಅದರಿಂದ ಹೊರಟ ಶಬ್ದ ಚೆನ್ನಾಗಿದೆ ಎಂದು ಪೋಗ್ ಅದನ್ನು ಹಾಗೇ ಉಳಿಸಿಕೊಂಡ. ಟ್ರಕ್ಕಿನ ಹಾಡಿನಲ್ಲಿ ನಾಯಿಯ ಮೇಲೆ ಟ್ರಕ್ಕು ಹಿಂದಕ್ಕೆ ಬಂದ ದಿನಾಂಕ, ವಾರ ಎರಡೂ ಸೇರಿದ್ದವು. ಹಲ್ಲಿನ ಡಾಕ್ಟರನ ಹಾಡಿನಲ್ಲಿ ಡಾಕ್ಟರನೇ ಇರಲಿಲ್ಲ. ನೋಯುವ ದವಡೆ ಹಿಡಿದುಕೊಂಡು ಮನೆಯಲ್ಲೇ ಕೂತ ಹೆಂಗಸೊಬ್ಬಳಿದ್ದಳು, ಅವಳಿಗೆ ಗಾಳಿ ತಾಗದಂತೆ ಕಿಟಕಿ ಮುಚ್ಚಲೂ ಏಳದ ಗಂಡನಿದ್ದ.

ಮೇ ತಿಂಗಳಲ್ಲಿ ರೆಕಾರ್ಡು ಹೊರಬಂತು. ಮುಂಬದಿಯಲ್ಲಿ ವರ್ಲಿನ್ ಖಾಲಿ ಕುರ್ಚಿಯೊಂದರ ಪಕ್ಕ ಟೋಪಿ ಎದೆಗೊತ್ತಿ ನಿಂತಿದ್ದ. ಹೆಸರು ಅಂಗೈಯಗಲ. ಅವನು ಹತ್ತು ಪ್ರತಿ ತಂದು ಹಜಾರದಲ್ಲಿ ಸಾಲಾಗಿ ನಿಲ್ಲಿಸಿ, ಬಂದುಹೋಗುವವರಿಗೆಲ್ಲ ತೋರಿಸಿದ. (ಬಂದವರು ಇಬ್ಬರು. ಒಬ್ಬ ಗ್ಯಾಸಿನವನು.) ಆದರೆ ರೆಕಾರ್ಡಿಗೆ ಹಿಂಬದಿಯೂ ಇರುತ್ತದೆ ಎಂಬುದನ್ನು ಅವನು ಗಮನಿಸಿರಲಿಲ್ಲ. ಒಂದೊಂದೇ ಹಾಡಿನ ಹಳೆಯ ರೆಕಾರ್ಡುಗಳಲ್ಲಿ ಬರೆದವರ ಹೆಸರು ನಡುವಿನ ತೂತಿನ ಬಳಿ ಇರುವೆಯಷ್ಟು ಇರುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಇಲ್ಲಿ ಹನ್ನೆರಡು ಹಾಡಿನ ಮುಂದೆ, ಒಂದರ ಕೆಳಗೊಂದು, ಏಣಿಯ ಮೆಟ್ಟಿಲಿನ ಹಾಗೆ ಹನ್ನೆರಡು ಸಲ: (ಒ. ಸ್ಪರ್ಲಾಕ್).

ಊರಿನ ಪತ್ರಿಕೆಯಲ್ಲಿ ಸಂಗೀತದ ಅಂಕಣ ಬರೆಯುವವನೊಬ್ಬ ಆ ಏಣಿ ಹತ್ತಿದ. ಒ. ಸ್ಪರ್ಲಾಕ್ ಯಾರೆಂದು ವಿಚಾರಿಸಿದ. ಗಾಯಕನ ಹೆಂಡತಿಯೇ ಎಂದು ತಿಳಿದಾಗ ಅವನಿಗೆ ಮೈಮೇಲೆ ಬಂದಹಾಗಾಯಿತು. ಗಂಡನೆಂಬ ಪ್ರಾಣಿಯ ಬಾಯಲ್ಲೇ ಗಂಡನ ಬಣ್ಣ ಬಯಲು ಮಾಡಿಸಿದ ಇಂಥ ವಿಡಂಬನೆ ಈ ಊರಿನಲ್ಲಿ ಹಿಂದೆ ಬಂದಿಲ್ಲ ಎಂದು ಎರಡು ಕಾಲಂ ಬರೆದ. ಗಾಯನದ ಬಗ್ಗೆ ಒಂದೇ ವಾಕ್ಯವಿತ್ತು: ‘ಗಾಯಕರು ಸಾಹಿತ್ಯಕ್ಕೆ ಹೆಚ್ಚು ಅಡ್ಡಿ ಬಂದಿಲ್ಲ.’

ವರ್ಲಿನ್ ಆ ವಾಕ್ಯವನ್ನು ಮೂರು ಸಲ ಓದಿ, ಹೊಗಳಿಕೆ ಇರಬಹುದು ಎಂದುಕೊಂಡ.

ಜೂನಿನಲ್ಲಿ ಫ್ರಿಜ್ಜಿನ ಹಾಡು ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು. ವರ್ಲಿನ್ ಟ್ಯಾಕೆಟ್ ಬದುಕಿನಲ್ಲಿ ಕಂಡ ಅತಿ ದೊಡ್ಡ ಹಿಟ್ ಅದು. ರೇಡಿಯೊದವರು ಬೆಳಗಿನ ಕಾರ್ಯಕ್ರಮಕ್ಕೆ ಇಬ್ಬರನ್ನೂ ಕರೆದರು. ಅವನು ಹೊಸ ಕೋಟು ಹೊಲಿಸಿದ, ಹೇಳಬೇಕಾದ್ದನ್ನೆಲ್ಲ ಕನ್ನಡಿಯ ಮುಂದೆ ಹೇಳಿ ನೋಡಿದ. ಅಲ್ಲಿ ಹೋದರೆ ಒವೆಟಾಳ ಮುಂದೆ ಒಂದು ಮೈಕು, ವರ್ಲಿನ್‌ನ ಮುಂದೆ ಒಂದು ಲೋಟ ನೀರು.

“ಮಿಸ್ ಒವೆಟಾ,” ಎಂದು ಆ ಸೀಮೆಯಲ್ಲಿ ಗೃಹಿಣಿಯರನ್ನು ಕರೆಯುವ ಮರ್ಯಾದೆಯಲ್ಲಿ ಕರೆದ ಕಾರ್ಯಕ್ರಮ ನಡೆಸುವ ಕ್ಲೆಟಸ್, “ಇಪ್ಪತ್ತು ವರ್ಷ ಗಂಡನ ಕೈಲಿ ಅಳುವ ಹಾಡು ಹಾಡಿಸಿದ್ದೀರಿ. ಹೇಗೆ ಹೊಳೀತು?”

“ಗಂಡಸರಿಗೆ ಅಳೋಕೆ ಏನಾದ್ರೂ ಬೇಕಲ್ಲ, ಕ್ಲೆಟಸ್. ಸುಮ್ನೆ ಕೂತಿದ್ದ. ಕೊಟ್ಟೆ.”

ವರ್ಲಿನ್‌ಗೆ ತಡೆಯಲಾಗಲಿಲ್ಲ. ಹೆಂಡತಿಯ ಮೈಕಿನತ್ತ ಬಗ್ಗಿದ. “ನಿಜ ಹೇಳ್ಬೇಕೂಂದ್ರೆ ಕ್ಲೆಟಸ್, ಆ ಹಾಡುಗಳನ್ನ...” ಗಾಜಿನ ಆಚೆ ನಿಂತಿದ್ದ ಪೋಗ್ ಎರಡೂ ಕೈ ಎತ್ತಿದ. ಬಾಯಲ್ಲಿ ಶಬ್ದವಿಲ್ಲದೆ ಒಂದೇ ಮಾತು ಹೇಳಿದ: ಅಳಿಯ.

“...ಹಾಡೋಕೆ ಬಹಳ ಸುಲಭ,” ಎಂದು ವರ್ಲಿನ್ ಮುಗಿಸಿದ.

“ನೀವೂ ಏನಾದ್ರೂ ಬರೀತೀರಾ, ವರ್ಲಿನ್?”

ವರ್ಲಿನ್ ಹೆಂಡತಿಯನ್ನು ನೋಡಿದ, ಗಾಜನ್ನು ನೋಡಿದ, ನೀರು ಕುಡಿದ.

“ಇಲ್ಲ. ನನಗೆ ಬರೆಯೋಕೆ ಬರಲ್ಲ,” ಎಂದು ಇಡೀ ಟೆನೆಸಿ ರಾಜ್ಯಕ್ಕೆ ಕೇಳುವಂತೆ ಹೇಳಿದ.

“ಎಷ್ಟು ವಿನಯ!” ಎಂದ ಕ್ಲೆಟಸ್. “ಮಿಸ್ ಒವೆಟಾ, ಮುಂದೇನು ಬರೀತೀರಿ?”

ಅಲ್ಲಿಯವರೆಗೆ ಒವೆಟಾ ತಿದ್ದಿದ್ದಳೇ ಹೊರತು ಬದುಕಿನಲ್ಲಿ ಒಂದು ಹಾಡನ್ನೂ ಮೊದಲಿನಿಂದ ಬರೆದವಳಲ್ಲ. ಅವಳು ಒಂದು ಕ್ಷಣ ಯೋಚಿಸಿದಳು.

“ಬಿಟ್ಟುಹೋದ ಹೆಂಡ್ತಿ ಬಗ್ಗೆ ಆಯ್ತಲ್ಲ. ಎಲ್ಲಿಗೂ ಹೋಗದ ಗಂಡನ ಬಗ್ಗೆ ಬರೀಬೇಕು ಅಂತಿದೀನಿ.”

ಕಾರ್ಯಕ್ರಮ ಮುಗಿಯುವ ಮೊದಲೇ ಫೋನುಗಳು ಬಂದವು. ಎಲ್ಲ ಹೆಂಗಸರದೇ. ಇನ್ನೂ ಬರೆಯದ ಆ ಹಾಡು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು, ನಮ್ಮವನ ಹೆಸರು ಸೇರಿಸಲು ಆಗುತ್ತದೆಯೇ ಎಂದಳು. ಭಾನುವಾರ ಚರ್ಚಿನ ಬಾಗಿಲಲ್ಲಿ ಯೂಲಾ ಒವೆಟಾಳ ಕೈ ಹಿಡಿದುಕೊಂಡು, “ನಾನು ಏನೇನೋ ಅಂದ್ಕೊಂಡಿದ್ದೆ ಕಣಮ್ಮಾ, ಕ್ಷಮಿಸು. ಇಷ್ಟು ವರ್ಷ ಇವನ ಜೊತೆ ಹೇಗಿದ್ಯೇ?” ಎಂದಳು. ಪಕ್ಕದಲ್ಲೇ ನಿಂತಿದ್ದ ವರ್ಲಿನ್‌ನನ್ನು ಎಂದಿನಂತೆ ಬ್ರದರ್ ಎನ್ನಲಿಲ್ಲ. ಏನೂ ಎನ್ನಲಿಲ್ಲ.

ಒವೆಟಾ ಸೋಮವಾರ ಹಾಡು ಬರೆಯಲು ಕೂತಳು. ಮಂಗಳವಾರ ಬೆಳಿಗ್ಗೆ ಮುಗಿಯಿತು. ವರ್ಲಿನ್ ಒಂದೊಂದು ಹಾಡಿಗೂ ಒಂದೂವರೆ ವರ್ಷ ಒದ್ದಾಡುತ್ತಿದ್ದ. ಅವಳು ತಲೆಯೆತ್ತಿ ಎದುರಿನ ಸೋಫಾ ನೋಡುವುದು, ಬರೆಯುವುದು, ಅಷ್ಟೇ ಮಾಡಿದಳು.

“ಇದನ್ನ ನಾನು ಹಾಡಲ್ಲ,” ಎಂದ ವರ್ಲಿನ್, ಸ್ಟುಡಿಯೋದಲ್ಲಿ ಕಾಗದ ಓದಿ.

“ಬೇಡ ಬಿಡು,” ಎಂದ ಪೋಗ್. “ಮೂರು ಜನ ಕೇಳಿದಾರೆ. ಅವರಲ್ಲೊಬ್ಬನಿಗೆ ಬದುಕಿರುವಾಗ್ಲೇ ಎರಡು ಗ್ರೇಟೆಸ್ಟ್ ಹಿಟ್ಸು ಬಂದಿದೆ.”

ವರ್ಲಿನ್ ಗಿಟಾರು ಎತ್ತಿಕೊಂಡ.

ಹೋಗುವೆನೆಂದನು ಭಾನುವಾರ,
ಬೂಟನು ಹುಡುಕಿದ ಬುಧವಾರ,
ಕೊನೆಗೂ ಎದ್ದನು ಶುಕ್ರವಾರ,
ಊಟಕೆ ಕರೆದೆನು, ಕೂತನು.

ಎರಡನೆಯ ಚರಣಕ್ಕೆ ಅವನು ಅಭ್ಯಾಸದ ಅಳು ಮರೆತ. ಮೂರನೆಯದರಲ್ಲಿ ದನಿ ನಿಜವಾಗಿಯೇ ಒಡೆದು, ಎಲ್ಲೋ ಆಳದಿಂದ, ಇಪ್ಪತ್ತು ವರ್ಷದಿಂದ ಅವನು ಅಭ್ಯಾಸ ಮಾಡಿಯೂ ಸಿಗದಿದ್ದ ಒಂದು ನೋವು ಮೇಲೆ ಬಂತು. ಸ್ಟೀಲ್ ಗಿಟಾರಿನವನು ಈ ಸಲ ನಗಲಿಲ್ಲ. ಕಣ್ಣು ಮುಚ್ಚಿ ನುಡಿಸಿದ.

ಹಾಡು ಮುಗಿದ ಮೇಲೆ ಪೋಗ್ ಗಾಜಿನ ಕೋಣೆಯಿಂದ ಹೊರಗೆ ಬಂದು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡ.

“ವರ್ಲಿನ್, ನೀನು ಹಾಡಬಲ್ಲೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಯಾರೋ ಎದೆಗೆ ಚುಚ್ಚಿದ ಹಾಗಿತ್ತು ಕಣಯ್ಯಾ.” ಆಮೇಲೆ ಮೂಲೆಯ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಒವೆಟಾಳ ಕಡೆ ತಿರುಗಿದ. “ಮಿಸ್ ಒವೆಟಾ, ಇವನ ಬಗ್ಗೆ ಇನ್ನೂ ಏನಾದ್ರೂ ಇದ್ಯಾ?”

ಒವೆಟಾ ಕನ್ನಡಕ ಸರಿಮಾಡಿಕೊಂಡು ಗಂಡನನ್ನು ಟೋಪಿಯಿಂದ ಬೂಟಿನವರೆಗೆ ಒಮ್ಮೆ ನಿಧಾನವಾಗಿ ನೋಡಿದಳು.

“ಎಷ್ಟು ಬೇಕು?”